ದೊಡ್ಡಪ್ಪನ ಮರ್ಸಿಡಿಸ್‌ಗೆ ಬಣ್ಣ ಹೊಡೆಯಲಾ, ಹಾಗೇ ಬಿಡಲಾ?

ಕಲ್ಸಂಕ ಮೋಟಾರ್:

ನಮಸ್ಕಾರ. ನಾನು ಉಡುಪಿಯವನು, ಕಲ್ಸಂಕದ ಹತ್ತಿರ ಮೋಟಾರ್ ರಿವೈಂಡಿಂಗ್ ಅಂಗಡಿ ಉಂಟು. ಮೂವತ್ತೊಂದು ವರ್ಷದಿಂದ ಸುಟ್ಟ ಪಂಪು, ಸುಟ್ಟ ಮಿಕ್ಸಿ, ಸುಟ್ಟ ಫ್ಯಾನು. ಆಟದ ಕಾರಿನ ವಿಷಯ ಇಲ್ಲಿ ಬಂದು ಕೇಳುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ.

ಮಳೆಗೆ ಮೊದಲು ಮನೆಯ ಒಡೆದ ಹಂಚು ಬದಲಿಸಲು ಜನ ಬಂದಿದ್ದರು. ಅಟ್ಟ ಖಾಲಿ ಮಾಡುವಾಗ ಒಂದು ಬಿಸ್ಕತ್ ಡಬ್ಬಿ ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಬೇಕಾಯಿತು. ಒಳಗೆ ಹಳೆ ಬನಿಯನ್ ಬಟ್ಟೆ, ನುಸಿಗುಳಿಗೆಯ ವಾಸನೆ, ಮತ್ತೆ ನಾನು ಸಣ್ಣವನಿರುವಾಗ ಆಡಿದ ಮೂರು ಗಾಡಿ.

ಒಂದು, ತಿಳಿನೀಲಿ ಮರ್ಸಿಡಿಸ್ 220 ಎಸ್‌ಇ. ನಾಲ್ಕು ಇಂಚು ಉದ್ದ, ಹಿಂದೆ ಎರಡು ಬದಿಗೂ ಆ ಕಾಲದ ಚೂಪು ರೆಕ್ಕೆ. ಒಂದು ಬದಿಗೆ ಬೆರಳು ಒತ್ತಿದರೆ ಮುಂದಿನ ಗಾಲಿ ಆ ಕಡೆಗೆ ತಿರುಗುತ್ತದೆ. ಈಗಲೂ ತಿರುಗುತ್ತದೆ ಮಾರಾಯ್ರೆ! ಆದರೆ ಬಾನೆಟ್ ಮೇಲೆ ಬಣ್ಣ ಎದ್ದಿದೆ, ರೆಕ್ಕೆಯ ತುದಿ ಎರಡೂ ಬೆಳ್ಳಗಾಗಿದೆ. ಟೈರ್ ಒಣಗಿ ಕಲ್ಲಾಗಿದೆ. ಒಂದು ಟೈರ್ ನಾನು ಮುಟ್ಟಿದ ಕೂಡಲೇ ಎರಡು ತುಂಡಾಯಿತು.

ಇದು ನನ್ನ ದೊಡ್ಡಪ್ಪ ಇಂಗ್ಲೆಂಡಿನಿಂದ ತಂದದ್ದು. ಅವರು ಹಡಗಿನಲ್ಲಿ ಅಡುಗೆಗೆ ಇದ್ದರು, ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಮನೆಗೆ ಯಾರು ಬಂದರೂ ನಾನು ಈ ಕಾರು ಹಿಡಿದುಕೊಂಡು ಹೋಗಿ "ಇಂಗ್ಲೆಂಡಿಂದು" ಅನ್ನುತ್ತಿದ್ದೆನಂತೆ. ದೊಡ್ಡಪ್ಪ ಈಗಿಲ್ಲ.

ಎರಡನೆಯದು ಕೆಂಪು ಡಬಲ್ ಡೆಕ್ಕರ್ ಬಸ್ಸು, ಬೆರಳುದ್ದ. ಇಂಥದ್ದಕ್ಕೆ ನಾವು ಬೆಂಕಿಪೆಟ್ಟಿಗೆ ಕಾರು ಅನ್ನುತ್ತಿದ್ದೆವು. ಇದು ಸಪ್ತೋತ್ಸವದ ಸಂತೆಯಲ್ಲಿ ರಥಬೀದಿಯಿಂದ ತೆಗೆದದ್ದಿರಬೇಕು. ಮೂರನೆಯದು ಅಂಬಾಸಿಡರ್. ಅದರ ಕಥೆ ಮುಗಿದಿದೆ, ಹಿಂದಿನ ಗಾಲಿಯೂ ಇಲ್ಲ, ಆಕ್ಸಲ್ಲೂ ಇಲ್ಲ, ಹೆಸರೂ ಇಲ್ಲ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಮರ್ಸಿಡಿಸ್ ಮುಟ್ಟಲು ಹೆದರಿಕೆ. ಹಾಗಾಗಿ ಮೊದಲು ಬಸ್ಸಿನಲ್ಲಿ ಪ್ರಯೋಗ ಮಾಡುವ ಅಂತ ಹೊರಟೆ. ನಮ್ಮಲ್ಲಿ ದೀಪ ತೊಳೆಯುವುದು ಬಿಂಬುಳಿ ಅನ್ನುವ ಹುಳಿ ಕಾಯಿಯಲ್ಲಿ. ಹಿತ್ತಿಲಲ್ಲಿ ಮರ ಉಂಟು, ನಾಲ್ಕು ಕೊಯ್ದು ಜಜ್ಜಿ ಆ ರಸದಲ್ಲಿ ಬಸ್ಸು ಹಾಕಿ ಚಹಾ ಕುಡಿಯಲು ಹೋದೆ. ಬಂದು ನೋಡಿದರೆ ಸಣ್ಣ ಸಣ್ಣ ಗುಳ್ಳೆ ಏಳುತ್ತಿತ್ತು. ಕೊಳೆ ಬಿಡುತ್ತಿದೆ ಅಂತ ಖುಷಿಯಾಯಿತು, ಇನ್ನೂ ಹತ್ತು ನಿಮಿಷ ಬಿಟ್ಟೆ. ತೆಗೆದರೆ ಬಣ್ಣ ಹೋದ ಜಾಗವೆಲ್ಲ ಇದ್ದಿಲಿನ ಹಾಗೆ ಕಪ್ಪು. ಮಾಡಿನ ಅಂಚಿನಲ್ಲಿ ಇದ್ದ ಕೆಂಪು ಬಣ್ಣವೂ ಸಿಪ್ಪೆ ಎದ್ದಿದೆ.

ಬಸ್ಸು ಹೋದರೆ ಹೋಯಿತು. ಮರ್ಸಿಡಿಸ್ ಮಾತ್ರ ಸರಿಯಾಗಿ ಆಗಬೇಕು. ಅಕ್ಕನ ಮಗ ಎಂತದೋ ಜಿಂಕ್ ಪೆಸ್ಟ್ ಅಂತ ರೋಗ ಬರುತ್ತದೆ, ಇಡೀ ಕಾರು ಪುಡಿಯಾಗುತ್ತದೆ ಅಂತ ಹೆದರಿಸಿ ಹೋಗಿದ್ದಾನೆ. ನನ್ನ ಹತ್ತಿರ ಡ್ರಿಲ್, ಸ್ಕ್ರೂವಿನ ಥ್ರೆಡ್ ಕೊರೆಯುವ ಟ್ಯಾಪ್ ಸೆಟ್, ವರ್ನಿಯರ್ ಎಲ್ಲಾ ಉಂಟು. ಕೈ ಕೆಲಸ ಬರುತ್ತದೆ. ಗೊತ್ತಿಲ್ಲದ್ದು ಈ ಲೋಹ ಮತ್ತು ಈ ಬಣ್ಣ. ಪೂರ್ತಿ ಕಿತ್ತು ಹೊಸ ಬಣ್ಣ ಹೊಡೆಯಲಾ?

ರಥಬೀದಿ ಹುಡುಗ:

ನಾನು ಮಂಗಳೂರಿನ ಕಾರ್ ಸ್ಟ್ರೀಟ್‌ನಲ್ಲೇ ಹುಟ್ಟಿದವನು. ಹೊರಗಿನವರು ಅಲ್ಲಿ ಕಾರು ಮಾರುತ್ತಾರೆ ಅಂದುಕೊಳ್ಳುತ್ತಾರೆ, ನಮಗೆ ಅದು ತೇರು. ಹಾಗಾಗಿ ಕಾರಿನ ಜ್ಞಾನ ನನಗೆ ಅಷ್ಟರಲ್ಲೇ ಉಂಟು. ಆದರೂ ಇಷ್ಟು ಹೇಳಬಲ್ಲೆ, ಬಣ್ಣ ಮುಟ್ಟಬೇಡಿ. ಸಂಗ್ರಹ ಮಾಡುವವರು ಸಿಪ್ಪೆ ಎದ್ದ ಮೂಲ ಬಣ್ಣಕ್ಕೆ ದುಡ್ಡು ಕೊಡುತ್ತಾರೆ, ಪಳಪಳ ಹೊಳೆಯುವ ಹೊಸ ಬಣ್ಣಕ್ಕೆ ಕೊಡುವುದಿಲ್ಲ. ರಟ್ಟಿನ ಪೆಟ್ಟಿಗೆ ಇದ್ದರಂತೂ ಕಥೆಯೇ ಬೇರೆ. ಪೆಟ್ಟಿಗೆ ಉಂಟಾ?

ಮತ್ತೆ ಬಿಂಬುಳಿ ಚಟ್ನಿಗೆ ಒಳ್ಳೆಯದು.

ಕಲ್ಸಂಕ ಮೋಟಾರ್:

ಪೆಟ್ಟಿಗೆ ಇಲ್ಲ. ಮಾರುವ ಆಲೋಚನೆಯೂ ಇಲ್ಲ.

ಬಿಜೈ ಟೀಚರ್:

ಮೊದಲು ಆ ಬಸ್ಸನ್ನು ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಐದು ನಿಮಿಷ ಅದ್ದಿಡಿ. ಹಳೆ ಟೂತ್ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ, ಒಳ್ಳೆ ನೀರಿನಲ್ಲಿ ತೊಳೆದು ಫ್ಯಾನಿನ ಅಡಿ ಒಣಗಿಸಿ. ಈ ಪೋಸ್ಟ್ ಓದಿ ಮುಗಿಸುವುದಕ್ಕಿಂತ ಮೊದಲು ಮಾಡಿದರೆ ಇನ್ನೂ ಒಳ್ಳೆಯದು. ಹುಳಿ ಸಂದಿಯಲ್ಲಿ ಉಳಿದರೆ ತಿನ್ನುತ್ತಲೇ ಇರುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಿಯಾದವಳು. ಪ್ರತಿ ವರ್ಷ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಸತುವಿನ ಚೂರಿಗೆ ಆಮ್ಲ ಹಾಕಿ ಹೈಡ್ರೋಜನ್ ಗುಳ್ಳೆ ತೋರಿಸುತ್ತಿದ್ದೆ. ನೀವು ಚಹಾ ಕುಡಿದು ಬಂದು ನೋಡಿ ಖುಷಿಪಟ್ಟದ್ದು ಅದೇ ಗುಳ್ಳೆಯನ್ನು. ಕೊಳೆ ಬಿಡುತ್ತಿರಲಿಲ್ಲ, ಬಸ್ಸೇ ಕರಗುತ್ತಿತ್ತು.

ಹಿತ್ತಾಳೆ ದೀಪದಲ್ಲಿ ಹುಳಿ ಮೇಲಿನ ಕಿಲುಬನ್ನು ತೆಗೆಯುತ್ತದೆ, ಅಡಿಯ ಲೋಹಕ್ಕೆ ಅಷ್ಟು ತೊಂದರೆ ಕೊಡುವುದಿಲ್ಲ. ಈ ಕಾರುಗಳ ಲೋಹ ಬೇರೆ. ಬಹುಪಾಲು ಸತು, ಅದಕ್ಕೆ ಶೇ. 4ರಷ್ಟು ಅಲ್ಯೂಮಿನಿಯಂ, ಒಂದು ಚಿಟಿಕೆ ಮೆಗ್ನೀಸಿಯಂ, ಕೆಲವದಕ್ಕೆ ಸ್ವಲ್ಪ ತಾಮ್ರ. ಜಮಾಕ್ ಅನ್ನುತ್ತಾರೆ. 400 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಕರಗುತ್ತದೆ. ಉಕ್ಕಿನ ಅಚ್ಚಿಗೆ ಒತ್ತಡದಲ್ಲಿ ನುಗ್ಗಿಸಿದರೆ ಬಾಗಿಲಿನ ಹಿಡಿಕೆಯಂಥ ಸಣ್ಣ ಗೆರೆಯೂ ಮೂಡುತ್ತದೆ. ಅದಕ್ಕೇ ಆಟಿಕೆಯವರಿಗೆ ಇದು ಇಷ್ಟ. ಆದರೆ ಹುಳಿಗೆ ಆಗುವುದಿಲ್ಲ. ಹುಣಸೆ, ನಿಂಬೆ, ವಿನೆಗರ್, ಬಿಂಬುಳಿ ಯಾವುದೂ ಬೇಡ. ಬಣ್ಣ ಕೀಳಲು ಯಾರಾದರೂ ಕಾಸ್ಟಿಕ್ ಸೋಡಾ ಅಂದರೆ ಅದೂ ಬೇಡ. ಸತು ಆಮ್ಲಕ್ಕೂ ಸೋಲುತ್ತದೆ, ಕ್ಷಾರಕ್ಕೂ ಸೋಲುತ್ತದೆ.

ಇನ್ನು ನಿಮ್ಮ ಅಕ್ಕನ ಮಗ ಹೇಳಿದ ರೋಗ. ಅದು ನಿಜ, ಆದರೆ ನಿಮ್ಮ ಕಾರಿಗೆ ಬಂದಿರುವ ಸಾಧ್ಯತೆ ಕಡಿಮೆ. ಈ ಮಿಶ್ರಣದಲ್ಲಿ ಸೀಸದ ಕಲಬೆರಕೆ ಇದ್ದರೆ ಲೋಹದ ಕಣ ಕಣದ ನಡುವೆ ಒಳಗಿಂದಲೇ ಕೊರೆತ ಶುರುವಾಗುತ್ತದೆ. ತೇವ, ಸೆಕೆ ಇದ್ದರೆ ಬೇಗ. ಮೊದಲು ಉಬ್ಬುತ್ತದೆ, ಬಾಗುತ್ತದೆ, ಮೈಯೆಲ್ಲ ಬಿರುಕು, ಕೊನೆಗೆ ಪುಡಿ. ಔಷಧ ಇಲ್ಲ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಮೆಕ್ಯಾನೋ ಕಂಪನಿ 1934ರಲ್ಲಿ ತನ್ನ ಆಟದ ಗಾಡಿಗಳಿಗೆ ಡಿಂಕಿ ಅಂತ ಹೆಸರಿಟ್ಟು ಮಾರಲು ಶುರು ಮಾಡಿತಲ್ಲ, ಆಗಿನಿಂದ ಎರಡನೇ ಮಹಾಯುದ್ಧದವರೆಗಿನ ಗಾಡಿಗಳಿಗೆ ಇದು ಜಾಸ್ತಿ. ಆಮೇಲೆ ಸತುವಿನ ಶುದ್ಧಿಯ ಬಗ್ಗೆ ಜಾಗ್ರತೆ ಬಂತು.

ನನ್ನ ಹತ್ತಿರ ಯುದ್ಧಕ್ಕೆ ಮೊದಲಿನ ಒಂದು ಲಾರಿ ಇತ್ತು. ಮುಂಬೈಯ ಚೋರ್ ಬಜಾರಿನಲ್ಲಿ ಚೌಕಾಸಿ ಮಾಡಿ ಗೆದ್ದೆ ಅಂತ ಬೀಗಿಕೊಂಡು ತಂದದ್ದು. ಬಿಜೈಯಲ್ಲಿ ಎರಡು ಮಳೆಗಾಲ ಕಳೆಯಿತು. ಮೂರನೇ ವರ್ಷ ಧೂಳು ಒರೆಸಲು ಎತ್ತಿದರೆ ಚಾಸಿಸ್ ಹಪ್ಪಳದ ಹಾಗೆ ಮುರಿದು ಕೈಯಲ್ಲಿ ಉಳಿಯಿತು. ಮಾರಿದವನಿಗೆ ಗೊತ್ತಿತ್ತು ಅಂತ ಈಗಲೂ ನನ್ನ ಸಂಶಯ.

ನಿಮ್ಮ ರೆಕ್ಕೆಯ ತುದಿಯ ಬಿಳಿ ಬರೀ ಮೇಲಿನ ಬೂಷ್ಟು. ಸಮುದ್ರದ ಗಾಳಿಗೆ ಸತು ಹಾಗೆ ಆಗುತ್ತದೆ. ಮೆತ್ತಗಿನ ಬಟ್ಟೆಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಒರೆಸಿದರೆ ಹೋಗುತ್ತದೆ.

ಬಣ್ಣದ ಮಾತಿಗೆ ಮುಂಚೆ ಒಂದು ಕೆಲಸ ಮಾಡಿ. ಕಾರು ಮತ್ತು ಬಸ್ಸು ಎರಡನ್ನೂ ಮಗುಚಿ, ಅಡಿಯಲ್ಲಿ ಎಂತ ಬರೆದಿದೆ ಅಂತ ಭೂತಕನ್ನಡಿ ಇಟ್ಟು ಓದಿ ಹೇಳಿ. ಬಸ್ಸಿನದ್ದೂ ಓದಿ. ಸುಮ್ನೆ ಹೇಳುತ್ತಿಲ್ಲ.

ಆ ಡಬ್ಬಿಗೆ ಪುನಃ ನುಸಿಗುಳಿಗೆ ಹಾಕಬೇಡಿ. ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಕಿಟಕಿ ಮಂಕಾಗುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಸಾಕು.

ಯೆಯ್ಯಾಡಿ ಸ್ಪ್ರೇಗನ್:

ಟೀಚರು ಹೇಳಿದ ಲೋಹದ ಪಾಠಕ್ಕೆ ನನ್ನದೂ ಒಂದು ನಮಸ್ಕಾರ. ಆದರೆ ಬಣ್ಣದ ವಿಷಯದಲ್ಲಿ ರಥಬೀದಿಯವರ ಮಾತು ನಾನು ಒಪ್ಪುವುದಿಲ್ಲ. ಮಾರುವುದಿಲ್ಲ ಅಂದ ಮೇಲೆ ರೇಟಿನ ಲೆಕ್ಕ ಯಾರಿಗೆ? ಸಿಪ್ಪೆ ಎದ್ದ ಗಾಡಿ ನೋಡಿದರೆ ನನಗೆ ಕೈ ತುರಿಸುತ್ತದೆ. ದೊಡ್ಡಪ್ಪ ಕೊಟ್ಟ ದಿನ ಹೇಗಿತ್ತೋ ಹಾಗೆ ಕಾಣಬೇಕು ಅಂತ ಆಸೆ ಇದ್ದರೆ ಹೊಡೆಯಿರಿ. ಅದರಲ್ಲಿ ತಪ್ಪೆಂತ?

ಆದರೆ ಈಗ ಬೇಡ, ಮಳೆ ಮುಗಿಯಲಿ. 22 ವರ್ಷದಿಂದ ಗ್ಯಾರೇಜಿನಲ್ಲಿ ಪೈಂಟಿಂಗ್ ಮಾಡುತ್ತಿದ್ದೇನೆ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಎನ್‌ಸಿ ಪೈಂಟ್ (ಥಿನ್ನರ್ ಹಾರಿ ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ಬಣ್ಣ) ಹೊಡೆದು ಮರ್ಯಾದೆ ಕಳೆದುಕೊಂಡದ್ದು ಉಂಟು. ಥಿನ್ನರ್ ಬೇಗ ಹಾರುವಾಗ ಬಣ್ಣದ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಇಬ್ಬನಿಯ ಹಾಗೆ ಕೂರುತ್ತದೆ. ಕಪ್ಪು ಹೊಡೆದರೆ ಬೂದಿ ಬಣ್ಣ ಬರುತ್ತದೆ, ನೀಲಿ ಹೊಡೆದರೆ ಹಾಲು ಚೆಲ್ಲಿದ ಹಾಗೆ. ನಿಧಾನ ಹಾರುವ ಥಿನ್ನರ್ ಹಾಕಿದರೆ ಸ್ವಲ್ಪ ತಡೆಯುತ್ತದೆ. ಆದರೆ ನಮ್ಮ ಮಳೆಗೆ ಅದೂ ಸಾಲುವುದಿಲ್ಲ.

ಮತ್ತೊಂದು, ಪ್ರೈಮರ್ ಇಲ್ಲದೆ ಸತುವಿನ ಮೇಲೆ ಬಣ್ಣ ಹೊಡೆಯಬೇಡಿ. ಉಗುರು ತಾಗಿದರೆ ಏಳುತ್ತದೆ. ಲೋಹವನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಅಂತ ಪೈಂಟ್ ಅಂಗಡಿಯಲ್ಲಿ ಕೇಳಿ, ತೆಳ್ಳಗೆ ಒಂದು ಕೈ. ಅದರ ಮೇಲೆ ಬಣ್ಣವೂ ತೆಳ್ಳಗೆ, ಮೂರು ಕೈ. ದೊಡ್ಡ ಕಾರಿಗೆ ಹೊಡೆದ ಹಾಗೆ ಹೊಡೆದರೆ ಬಾಗಿಲಿನ ಗೆರೆ ಎಲ್ಲಾ ತುಂಬಿ, ಅರ್ಧ ಸವೆದ ಸಾಬೂನಿನ ಹಾಗೆ ಕಾಣುತ್ತದೆ. ನನ್ನ ಮಗನ ಜೀಪಿಗೆ ನಾನೇ ಹಾಗೆ ಮಾಡಿದ್ದೇನೆ. ಅವ ಈಗಲೂ ಅದನ್ನು ಲಕ್ಸ್ ಅಂತಲೇ ಕರೆಯುವುದು.

ಕಲ್ಸಂಕ ಮೋಟಾರ್:

ಟೀಚರೇ, ಬಸ್ಸನ್ನು ಕೂಡಲೇ ಸೋಡಾ ನೀರಿಗೆ ಹಾಕಿದೆ. ಕಪ್ಪು ಪೂರ್ತಿ ಹೋಗಲಿಲ್ಲ, ಆದರೆ ಇದ್ದಿಲು ಹೋಗಿ ಸೀಸದ ಕಡ್ಡಿಯ ಬಣ್ಣಕ್ಕೆ ಬಂತು.

ಈಗ ಅಡಿಯ ಬರಹ. ಆರ್ಮೇಚರ್ ನೋಡುವ ಲೆನ್ಸ್ ಹಾಕಿ ಓದಿದೆ. ಮೂರು ಸಲ ಓದಿದೆ.

ಮರ್ಸಿಡಿಸ್‌ನ ಅಡಿಯಲ್ಲಿ ಡಿಂಕಿ ಅಂತ ಇರಬೇಕು ಅಂತ ನಾನು ಗ್ರಹಿಸಿದ್ದೆ. ಡಿಂಕಿ ಅಲ್ಲ, ನಿಕ್ಕಿ! ಅಕ್ಷರದ ಸುತ್ತ ಅಚ್ಚು ಕೆರೆದ ಹಾಗೆ ಒರಟು ಉಂಟು. ಮೊದಲು ಇದ್ದದ್ದನ್ನು ಯಾರೋ ಅಳಿಸಿ ಬೇರೆ ಹೆಸರು ಕೊರೆದ ಹಾಗೆ. ಇಂಗ್ಲೆಂಡ್ ಅನ್ನುವ ಶಬ್ದ ಎಲ್ಲೂ ಇಲ್ಲ.

ಬಸ್ಸಿನ ಅಡಿಯಲ್ಲಿ ಮ್ಯಾಚ್‌ಬಾಕ್ಸ್, ನಂಬರ್ 5, ಮೇಡ್ ಇನ್ ಇಂಗ್ಲೆಂಡ್ ಬೈ ಲೆಸ್ನಿ.

ನನಗೆ ಎಂತ ಹೇಳಬೇಕು ಅಂತ ಗೊತ್ತಾಗುತ್ತಿಲ್ಲ. ಮರ್ಸಿಡಿಸ್ ಡೂಪ್ಲಿಕೇಟಾ?

ಬಿಜೈ ಟೀಚರ್:

ನಾನು ಹೆದರಿದ್ದು ಇದಕ್ಕೇ.

ಡೂಪ್ಲಿಕೇಟ್ ಅಲ್ಲ, ಸಮಾಧಾನ ಮಾಡಿಕೊಳ್ಳಿ. 1960ರ ದಶಕದ ಕೊನೆಗೆ ಮೆಕ್ಯಾನೋದವರು ತಾವು ಉಪಯೋಗಿಸಿ ಬಿಟ್ಟ ಕೆಲವು ಡಿಂಕಿ ಅಚ್ಚುಗಳನ್ನು ಕಲ್ಕತ್ತಾದ ಒಂದು ಕಂಪನಿಗೆ ಕೊಟ್ಟರು. ಆ ಕಂಪನಿ ಅದೇ ಅಚ್ಚಿನಲ್ಲಿ ನಿಕ್ಕಿ ಟಾಯ್ಸ್ ಅಂತ ಮಾಡಿ ಮಾರಿತು. ಮರ್ಸಿಡಿಸ್ 220 ಎಸ್‌ಇ, ಡಿ ಟೈಪ್ ಜಾಗ್ವಾರ್ ಎಲ್ಲಾ ಅದರಲ್ಲಿ ಬಂದಿದೆ. ಆಗ ಹೊರದೇಶದ ಆಟಿಕೆ ನಮ್ಮಲ್ಲಿ ಅಂಗಡಿಯಲ್ಲಿ ಸಿಗುವುದೇ ಕಷ್ಟ. ಅಚ್ಚು ಲಿವರ್‌ಪೂಲಿನದ್ದು, ಎರಕ ಕಲ್ಕತ್ತಾದ್ದು. ಡಿಂಕಿಯ ಹೆಸರು ಅಳಿಸಿ ನಿಕ್ಕಿ ಅಂತ ಕೊರೆದ ಗುರುತೇ ನೀವು ಲೆನ್ಸಿನಲ್ಲಿ ಕಂಡದ್ದು. ಬಣ್ಣ ಡಿಂಕಿಯಷ್ಟು ನಯ ಇರುವುದಿಲ್ಲ, ಸ್ವಲ್ಪ ದಪ್ಪ. ಆದರೆ ಈಗ ಡಿಂಕಿ ಸಂಗ್ರಹಿಸುವವರೇ ಇದನ್ನು ಹುಡುಕುತ್ತಾರೆ. ಸ್ಪ್ರೇಗನ್ ಅವರ ಮಾತಿಗೆ ನನ್ನ ಉತ್ತರ ಇದೇ. ಆ ದಪ್ಪ, ಒರಟು, ಕಲ್ಕತ್ತಾ ನೀಲಿಯನ್ನು ಒಮ್ಮೆ ಕಿತ್ತರೆ ಪುನಃ ಹೊಡೆಯಲು ಯೆಯ್ಯಾಡಿಯಲ್ಲೂ ಆಗುವುದಿಲ್ಲ. ನೀವು ತುಂಬಾ ಚೆನ್ನಾಗಿ ಹೊಡೆಯುತ್ತೀರಿ, ಅದೇ ತೊಂದರೆ.

ಇನ್ನು ಬಸ್ಸು. ನೀವು ಸಂತೆಯದ್ದು ಅಂದ ಬಸ್ಸು ಲಂಡನ್ನಿನದ್ದು. 1947ರಲ್ಲಿ ಸ್ಮಿತ್ ಅನ್ನುವ ಒಂದೇ ಮನೆಹೆಸರಿನ, ಆದರೆ ಸಂಬಂಧಿಕರಲ್ಲದ ಇಬ್ಬರು ಗೆಳೆಯರು ಸೇರಿ ಲೆಸ್ನಿ ಕಂಪನಿ ಕಟ್ಟಿದರು. ಲೆಸ್ಲಿಯಿಂದ ಅರ್ಧ, ರಾಡ್ನಿಯಿಂದ ಅರ್ಧ, ಹಾಗೆ ಲೆಸ್ನಿ. ಅಚ್ಚಿನ ಕೆಲಸದಲ್ಲಿ ಪಳಗಿದ ಜ್ಯಾಕ್ ಓಡೆಲ್ ಅವರ ಜೊತೆ ಸೇರಿಕೊಂಡರು. ಓಡೆಲ್‌ರ ಮಗಳ ಶಾಲೆಯಲ್ಲಿ ಬೆಂಕಿಪೆಟ್ಟಿಗೆಯಲ್ಲಿ ಹಿಡಿಯುವಷ್ಟು ಸಣ್ಣ ಆಟಿಕೆ ಮಾತ್ರ ತರಬಹುದು ಅಂತ ನಿಯಮ. ಅಪ್ಪ ಅವಳಿಗೆ ಹಿತ್ತಾಳೆಯಲ್ಲಿ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟರು. ಮ್ಯಾಚ್‌ಬಾಕ್ಸ್ ಶುರುವಾದದ್ದು ಅಲ್ಲಿಂದ, 1953ರಲ್ಲಿ ಮಾರುಕಟ್ಟೆಗೆ ಬಂತು. ನೀವು ಉಡುಪಿಯಲ್ಲಿ ಕೂತು ಬೆಂಕಿಪೆಟ್ಟಿಗೆ ಕಾರು ಅಂದದ್ದು ಅಕ್ಷರಶಃ ಸರಿ.

ಬಸ್ಸಿಗೆ ಬಣ್ಣ ಬೇಡ. ಬೂದಿ ಬಣ್ಣದ ಜಾಗಕ್ಕೆ ಕಾರಿಗೆ ಹಾಕುವ ವ್ಯಾಕ್ಸ್ ತೆಳ್ಳಗೆ ಸವರಿ. ಗಾಳಿಯ ಉಪ್ಪು ತಾಗದ ಹಾಗೆ ಅಷ್ಟಾದರೆ ಸಾಕು.

ಸುರತ್ಕಲ್ 164:

ಅಂಕಲ್, ಬಸ್ಸಿನ ಆಕ್ಸಲ್ ನೋಡಿ. ದಪ್ಪ ಕಡ್ಡಿ ಇದ್ದರೆ ಹಳೆ ರೀತಿಯದ್ದು. 1968ರಲ್ಲಿ ಅಮೆರಿಕದಿಂದ ಹಾಟ್ ವೀಲ್ಸ್ ಬಂದು ಜೋರಾಗಿ ಓಡಲು ಶುರು ಮಾಡಿದ ಮೇಲೆ ಮ್ಯಾಚ್‌ಬಾಕ್ಸಿನವರಿಗೆ ಬಿಸಿ ತಾಗಿತು. 1969ರಿಂದ ಸೂಪರ್‌ಫಾಸ್ಟ್ ಅಂತ ಸಪೂರ ಆಕ್ಸಲ್, ಹಗುರ ಗಾಲಿ ಹಾಕಿದರು. ನಾನು ಹಾಟ್ ವೀಲ್ಸ್ ಮಾತ್ರ ಸೇರಿಸುವುದು. ಹಳೆಯದ್ದನ್ನು ಮುಟ್ಟಲು ಧೈರ್ಯ ಇಲ್ಲ, ದುಡ್ಡೂ ಇಲ್ಲ.

ಒಂದು ಅನುಭವ ಮಾತ್ರ ಹೇಳುತ್ತೇನೆ. ಕಿಟಕಿ ಪ್ಲಾಸ್ಟಿಕ್ ಅಲ್ಲಾಡುತ್ತಿದ್ದರೆ ಫೆವಿಕ್ವಿಕ್ ಹಾಕಬೇಡಿ. ಅದರ ಹೊಗೆ ಕಿಟಕಿಯ ಒಳಗೆ ಬಿಳಿ ಪುಡಿಯಾಗಿ ಕೂರುತ್ತದೆ. ನನ್ನ ಒಂದು ಕಾರು ಒಳಗೆ ಯಾರೋ ಬೀಡಿ ಸೇದುತ್ತಿರುವ ಹಾಗೆ ಕಾಣುತ್ತಿದೆ.

ಯೆಯ್ಯಾಡಿ ಸ್ಪ್ರೇಗನ್:

ಟೀಚರೇ, "ತುಂಬಾ ಚೆನ್ನಾಗಿ ಹೊಡೆಯುತ್ತೀರಿ, ಅದೇ ತೊಂದರೆ" ಅನ್ನುವುದನ್ನು ಬರೆಸಿ ಗ್ಯಾರೇಜಿನಲ್ಲಿ ತೂಗು ಹಾಕುತ್ತೇನೆ. ಸೋತೆ. ಮರ್ಸಿಡಿಸ್ ಬಿಡಿ. ಆದರೆ ಆ ಅಂಬಾಸಿಡರ್ ನನಗೆ ಬೇಕು. ಅದಕ್ಕೆ ಬಣ್ಣ ಹೊಡೆಯಬೇಡಿ ಅಂತ ಯಾರೂ ಹೇಳುವ ಹಾಗಿಲ್ಲ, ಅಲ್ವಾ?

ಕಲ್ಸಂಕ ಮೋಟಾರ್:

ಎರಡು ವಾರ ಆಯಿತು, ಉತ್ತರ ಬರೆಯಲು ತಡವಾಯಿತು. ಮಳೆ ಶುರುವಾದ ಕೂಡಲೇ ಎಲ್ಲರ ಮನೆಯ ಪಂಪಿಗೂ ಒಟ್ಟಿಗೇ ನೀರು ಹೋಗುತ್ತದೆ. ಅಂಗಡಿಯಲ್ಲಿ ಕಾಲಿಡಲು ಜಾಗ ಇಲ್ಲ.

ಅಂಬಾಸಿಡರ್‌ನಿಂದ ಶುರು ಮಾಡಿದೆ. ಅಡಿಯ ತಗಡು ಎರಡು ಕಡೆ ರಿವೆಟ್ ಮಾಡಿದ್ದು. ನಡುವೆ ಪಂಚ್ ಹೊಡೆದು, ದಪ್ಪ ಬಿಟ್‌ನಲ್ಲಿ ತಲೆಯನ್ನು ಮಾತ್ರ ಕೆರೆದು ತೆಗೆದೆ. ಕೈಯಲ್ಲೇ ಬಿಟ್ ತಿರುಗಿಸಿದ್ದು, ಮೆಷಿನ್ ಹಾಕಲಿಲ್ಲ. ಲೋಹ ಬೆಣ್ಣೆಯ ಹಾಗೆ ಬರುತ್ತದೆ, ಮೆಷಿನ್ ಹಾಕಿದರೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುವ ಮೊದಲೇ ಆಚೆ ಬದಿ ತಲುಪುತ್ತೇವೆ. ಉಳಿದ ಗೂಟಕ್ಕೆ 1.6 ಮಿ.ಮೀ. ತೂತು ಕೊರೆದು, 2 ಮಿ.ಮೀ. ಸ್ಕ್ರೂ ಕೂರಲು ಎಂ2 ಟ್ಯಾಪ್ ಹಾಕಿದೆ. ಮೊದಲನೆಯದು ಚಂದ ಬಂತು. ಎರಡನೆಯದರಲ್ಲಿ ಅರ್ಧ ಸುತ್ತು ಹಿಂದೆ ತಿರುಗಿಸದೆ ಒಂದೇ ಸಮ ಮುಂದೆ ಹೋದೆ, ಟ್ಯಾಪ್ ಕಟಕ್ ಅಂತ ಒಳಗೇ ಮುರಿಯಿತು. ಹುಡುಗರಿಗೆ ದಿನಾ ಬೈಯುವುದು ಇದಕ್ಕೇ. ಅಂಗಡಿಯ ಹುಡುಗ ಆಚೆ ತಿರುಗಿ ನಗುತ್ತಿದ್ದ. ಆ ಬದಿಗೆ ಈಗ ಸ್ಕ್ರೂ ಇಲ್ಲ, ಒಂದೇ ಸ್ಕ್ರೂನಲ್ಲಿ ನಿಂತಿದೆ.

ಹಿಂದಿನ ಆಕ್ಸಲ್‌ಗೆ ಸೈಕಲ್ ಕಡ್ಡಿ. ಸರಿಯಾಗಿ 2 ಮಿ.ಮೀ. ಗಾಲಿ ಮಾತ್ರ ಬೇಕು. ಸ್ಪ್ರೇಗನ್ ಅವರೇ, ಗಾಲಿ ಸಿಕ್ಕಿದ ಮೇಲೆ ಮಳೆ ಬಿಟ್ಟು ನಿಮ್ಮ ಹತ್ತಿರ ಬರುತ್ತೇನೆ. ಬಿಳಿ ಬೇಕು. ಲಕ್ಸ್ ಮಾಡಬೇಡಿ.

ಮರ್ಸಿಡಿಸ್ ಬಿಚ್ಚಲೇ ಇಲ್ಲ. ಎಣ್ಣೆ ಬಟ್ಟೆಯಲ್ಲಿ ಒರೆಸಿದೆ, ರೆಕ್ಕೆಯ ಬಿಳಿ ಹೋಯಿತು. ಟೈರ್ ಹೊರದೇಶದಿಂದ ತರಿಸಬಹುದು ಅಂತ ನೋಡಿದೆ, ಟೈರಿಗಿಂತ ಅಂಚೆ ಖರ್ಚು ಜಾಸ್ತಿ. ಕೊನೆಗೆ ಗಾಲಿಯ ತೋಡನ್ನು ವರ್ನಿಯರ್‌ನಲ್ಲಿ ಅಳೆದು ನನ್ನದೇ ಓ-ರಿಂಗ್ ಡಬ್ಬಿ ಸುರಿದು ಕೂತೆ. ಸಬ್‌ಮರ್ಸಿಬಲ್ ಪಂಪಿಗೆ ಹಾಕುವ ಒಂದು ಸೈಜು ಕೂತಿತು. ಸ್ವಲ್ಪ ಉರುಟು ಜಾಸ್ತಿ, ಟೈರಿನ ಗೀರು ಇಲ್ಲ. ಹಳೆ ಟೈರಿನ ತುಂಡುಗಳನ್ನು ಪೊಟ್ಟಣ ಕಟ್ಟಿ ಇಟ್ಟಿದ್ದೇನೆ.

ಮೊನ್ನೆ ಭಾನುವಾರ ಧೈರ್ಯ ಮಾಡಿ ಅಮ್ಮನ ಹತ್ತಿರ ಕೇಳಿದೆ. ಅವರಿಗೆ 84. ಕಣ್ಣು ಮಂಜು, ನೆನಪು ಸ್ಪಷ್ಟ. ಮರ್ಸಿಡಿಸ್ ಕೈಯಲ್ಲಿಟ್ಟು, "ಅಮ್ಮಾ, ಇದು ದೊಡ್ಡಪ್ಪ ಇಂಗ್ಲೆಂಡಿನಿಂದ ತಂದದ್ದಲ್ವಾ?" ಅಂದೆ. ಅವರು ಕಾರನ್ನು ಬೆರಳಲ್ಲಿ ತಡವಿ ನೋಡಿ ತಿರುಗಿ ಕೊಟ್ಟರು.

"ಇದಲ್ಲ. ಇದು ಭಾವ ಕಲ್ಕತ್ತಾದಲ್ಲಿ ಹಡಗು ಇಳಿದು ಬರುವಾಗ ತಂದದ್ದು. ಇಂಗ್ಲೆಂಡಿಂದು ಆ ಸಣ್ಣ ಬಸ್ಸು. ಕಾಲುಚೀಲದ ಒಳಗೆ ಸುತ್ತಿ ತಂದಿದ್ದರು. ನೀನು ಅದನ್ನು ನೋಡಿ, ಇಷ್ಟು ಸಣ್ಣದು ಬೇಡ ಅಂತ ಅಂಗಳಕ್ಕೆ ಬಿಸಾಡಿ ಅತ್ತೆ. ಅವರಿಗೆ ಬೇಸರ ಆಯಿತು. ಅದಕ್ಕೇ ಮುಂದಿನ ರಜೆಗೆ ದೊಡ್ಡದು ತಂದರು."

"ಮತ್ತೆ ನಾನು ಎಲ್ಲರಿಗೂ ಇಂಗ್ಲೆಂಡಿಂದು ಅನ್ನುತ್ತಿದ್ದೆನಲ್ಲ?"

"ಹೂಂ. ಭಾವ ಹೇಳಿದರು, ಹೇಳಲಿ ಬಿಡು ಅಂತ."

ಬಸ್ಸಿಗೆ ವ್ಯಾಕ್ಸ್ ಹಾಕಿದ್ದೇನೆ ಟೀಚರೇ. ಮಾಡಿನ ಒಂದು ಮೂಲೆಯಲ್ಲಿ ಸಣ್ಣ ಜಜ್ಜು ಉಂಟು, ಅದನ್ನು ಮೊದಲು ಗಮನಿಸಿರಲಿಲ್ಲ. ಅಂಗಳಕ್ಕೆ ಬಿದ್ದದ್ದೇ ಇರಬೇಕು. ಅದರ ಸುತ್ತ ನನ್ನ ಬಿಂಬುಳಿ ಮಾಡಿದ ಬೂದಿ ಕಲೆ. ಮರ್ಸಿಡಿಸ್ ಮನೆಯಲ್ಲಿ ಅಮ್ಮನ ಕಪಾಟಿನಲ್ಲಿ ಉಂಟು, ಬಸ್ಸನ್ನು ಅಂಗಡಿಗೆ ತಂದು ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ನಿನ್ನೆ ಮಲ್ಪೆಯಿಂದ ಪಂಪು ತಂದವರೊಬ್ಬರು ಅದನ್ನು ಎತ್ತಿ ನೋಡಿ, "ಇದು ಎಲ್ಲಿಯದು?" ಅಂತ ಕೇಳಿದರು.

ಇಂಗ್ಲೆಂಡಿಂದು ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.